ಖನಿಜಯುಕ್ತ ಬಿಸಿನೀರಿನ ಚಿಕಿತ್ಸೆ ಮಂಡಿನೋವಿಗೂ ಅಸ್ತಮಾಕ್ಕೂ ನಿಜವಾಗಿ ನೆರವಾಗುತ್ತದೆಯೇ?

ಮುಂಜಾವು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 62 ವರ್ಷ. 15 ವರ್ಷಗಳಿಂದ ಅಸ್ತಮಾ ಇದ್ದು, ಬೆಳಿಗ್ಗೆ ಮತ್ತು ರಾತ್ರಿ ಸ್ಟೀರಾಯ್ಡ್ ಇರುವ ಇನ್‌ಹೇಲರನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ. ಈಚಿನ ನಾಲ್ಕು ವರ್ಷಗಳಲ್ಲಿ ಎರಡೂ ಮಂಡಿಗಳು ಸವೆದಿವೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲ ಮೇಲೂ ಎರಡೂ ಪಾದಗಳನ್ನು ಊರಿ, ಉಸಿರು ತೆಗೆದುಕೊಂಡು ಮುಂದಿನದಕ್ಕೆ ಇಳಿಯುತ್ತಾರೆ.

ನಮ್ಮ ದೊಡ್ಡಮ್ಮ ಕಳೆದ ತಿಂಗಳು ಬಿಸಿನೀರಿನ ಬುಗ್ಗೆಯಿರುವ ಚಿಕಿತ್ಸಾ ಕೇಂದ್ರವೊಂದರಲ್ಲಿ ಮೂರು ವಾರ ಇದ್ದು ಬಂದರು. ಆ ನೀರಿನಲ್ಲಿ ಗಂಧಕ, ಉಪ್ಪು, ಮೆಗ್ನೀಸಿಯಂ ಎಲ್ಲವೂ ಇರುವುದರಿಂದ ಮೈಯೊಳಗಿನ ಉರಿಯೂತ ಇಳಿಯುತ್ತದೆ, ಎದೆಯ ಕಫ ಕರಗುತ್ತದೆ, ಇನ್‌ಹೇಲರ್ ಕ್ರಮೇಣ ಬೇಡವಾಗುತ್ತದೆ ಎಂಬುದು ಅವರ ಮಾತು. ಅಮ್ಮನಿಗೆಂದು ಅದೇ ನೀರನ್ನು ಎರಡು ಕ್ಯಾನ್ ತುಂಬಿಸಿ ತಂದಿದ್ದಾರೆ. ಒಂದು ಕ್ಯಾನಿನ ನೀರನ್ನು ಕುದಿಸಿ ಹಬೆ ತೆಗೆದುಕೊಳ್ಳಬೇಕು, ಇನ್ನೊಂದರಿಂದ ಮೂಗು ತೊಳೆಯಬೇಕು ಎಂದು ಹೇಳಿಕೊಟ್ಟಿದ್ದಾರೆ. ಅಮ್ಮ ಇನ್ನೂ ಎರಡನ್ನೂ ಮುಟ್ಟಿಲ್ಲ, ಆದರೆ ಮನಸ್ಸು ಆ ಕಡೆಗೇ ಇದೆ.

ಖನಿಜಗಳಿಂದ ಏನಾದರೂ ಗುಣ ಸಿಗುತ್ತದೆಯೋ ಅಥವಾ ಬರಿಯ ಬಿಸಿನೀರಿಗೂ ಅಷ್ಟೇ ಗುಣವಿದೆಯೋ? ಉಸಿರಾಟದ ತೊಂದರೆ ಇರುವವರಿಗೆ ಇದು ಒಳ್ಳೆಯದೇ? ಇನ್‌ಹೇಲರ್ ಕಡಿಮೆ ಮಾಡುವ ಯೋಚನೆಗೆ ಆಧಾರವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ_ಶ್ವಾಸವೈದ್ಯ:

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದವುಗಳಲ್ಲಿ ತಪ್ಪಾದರೆ ಹೆಚ್ಚೆಂದರೆ ಸಮಯ ಹಾಳಾಗುತ್ತದೆ, ಇದರಲ್ಲಿ ತಪ್ಪಾದರೆ ಮಧ್ಯರಾತ್ರಿ ತುರ್ತು ಚಿಕಿತ್ಸೆಗೆ ಓಡಬೇಕಾಗುತ್ತದೆ. ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪೊರೆಯಲ್ಲಿ ಸದಾ ಒಂದು ಮಟ್ಟದ ಉರಿಯೂತ ಇದ್ದೇ ಇರುತ್ತದೆ. ದಿನನಿತ್ಯ ಒಳಗೆಳೆದುಕೊಳ್ಳುವ ಸ್ಟೀರಾಯ್ಡ್ ಅದನ್ನು ಅದುಮಿಟ್ಟಿರುತ್ತದೆ. ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ. ಕೆಲವರಿಗೆ ವಾರಗಟ್ಟಲೆ ಏನೂ ಆಗುವುದಿಲ್ಲ. ಆ ವಾರಗಳಲ್ಲಿ ರೋಗಿ ಯಾವ ಚಿಕಿತ್ಸೆಯಲ್ಲಿದ್ದರೂ ಅದಕ್ಕೇ ಹೆಸರು ಬರುತ್ತದೆ. ಮೂರು ವಾರದ ವಾಸದಲ್ಲಿ ಇನ್‌ಹೇಲರ್ ಬಿಟ್ಟು 'ಗುಣವಾಗಿ' ಮನೆಗೆ ಮರಳಿದವರು ಐದನೆಯ ವಾರದಲ್ಲಿ ಮಾತಾಡಲೂ ಉಸಿರು ಸಾಲದೆ ನನ್ನೆದುರು ಕುಳಿತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಉರಿಯೂತ ತಡೆಯುವ ಔಷಧವಿಲ್ಲದೆ, ಉಬ್ಬಸ ಬಂದಾಗ ಮಾತ್ರ ತಕ್ಷಣದ ಉಪಶಮನದ ಪಫ್ ಎಳೆದುಕೊಳ್ಳುವ ಪದ್ಧತಿಯನ್ನು ಅಸ್ತಮಾದ ಜಾಗತಿಕ ಮಾರ್ಗಸೂಚಿಯಾದ 'ಜಿನಾ' 2019ರಿಂದ ಸ್ಪಷ್ಟವಾಗಿ ಕೈಬಿಟ್ಟಿದೆ. ಔಷಧದ ಪ್ರಮಾಣವನ್ನು ಇಳಿಸುವುದು ಸಾಧ್ಯವಿಲ್ಲವೆಂದಲ್ಲ; ರೋಗ ಕೆಲವು ತಿಂಗಳು ಹತೋಟಿಯಲ್ಲಿದ್ದ ಮೇಲೆ, ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ನೋಡಿಕೊಂಡು, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಅದನ್ನು ನಿರ್ಧರಿಸುವುದು ಬುಗ್ಗೆಯ ನೀರಲ್ಲ.

ಹಾಗೆಂದು ಖನಿಜದ ನೀರಿಗೂ ಶ್ವಾಸಕ್ಕೂ ಸಂಬಂಧವೇ ಇಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಉಪ್ಪಿನ ವಿಷಯವನ್ನೇ ತೆಗೆದುಕೊಳ್ಳಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕಫವು ಅಂಟಿನಂತೆ ಗಟ್ಟಿಯಾಗಿರುತ್ತದೆ. ಈ ಕಾಯಿಲೆಯಿದ್ದೂ ಸಮುದ್ರದಲ್ಲಿ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದವರು ಉಳಿದವರಿಗಿಂತ ಹಗುರವಾಗಿ ಉಸಿರಾಡುತ್ತಿದ್ದುದು ಆಸ್ಟ್ರೇಲಿಯಾದ ವೈದ್ಯರ ಗಮನಕ್ಕೆ ಬಂತು. ಮುಂದೆ ಅಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಗಳು ಶೇ. 7ರ ಉಪ್ಪಿನ ದ್ರಾವಣವನ್ನು ದಿನಕ್ಕೆ ಎರಡು ಸಲ, 48 ವಾರಗಳ ಕಾಲ ದ್ರಾವಣವನ್ನು ಸೂಕ್ಷ್ಮ ಹನಿಗಳಾಗಿಸುವ ನೆಬ್ಯುಲೈಸರ್ ಯಂತ್ರದ ಮೂಲಕ ಸೇದಿದರು. ಅವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಯಿತು. ಗಾಢವಾದ ಉಪ್ಪು ಸುತ್ತಲಿನ ಪೊರೆಯಿಂದ ನೀರನ್ನು ಸೆಳೆದು ಕಫವನ್ನು ಸಡಿಲಿಸುತ್ತದೆ. ಅದರ ಹಿಂದಿರುವ ತತ್ತ್ವ ಇಷ್ಟೇ ಸರಳ.

ಈಗ ಇದರ ಇನ್ನೊಂದು ಮುಖವನ್ನು ನೋಡಿ. ಒಬ್ಬರಿಗೆ ಅಸ್ತಮಾ ಇದೆಯೋ ಇಲ್ಲವೋ ಎಂದು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಶೇ. 4.5ರ ಉಪ್ಪಿನ ದ್ರಾವಣವನ್ನು ಸೇದಿಸಿ, ಶ್ವಾಸನಾಳ ಬಿಗಿದುಕೊಳ್ಳುತ್ತದೆಯೇ ಎಂದು ಅಳೆಯುವ ಪರೀಕ್ಷೆಯೊಂದಿದೆ. ಅಂದರೆ ಒಬ್ಬರಿಗೆ ಔಷಧವಾದ ಉಪ್ಪುನೀರೇ ಇನ್ನೊಬ್ಬರಲ್ಲಿ ಉಬ್ಬಸವನ್ನು ಬೇಕೆಂದೇ ಕೆರಳಿಸುವ ಸಾಧನವೂ ಆಗಿದೆ. ಆದ್ದರಿಂದ 'ಉಸಿರಾಟದ ತೊಂದರೆಗೆ ಒಳ್ಳೆಯದು' ಎಂಬ ಮಾತನ್ನು ಕೇಳಿದಾಗಲೆಲ್ಲ ಯಾವ ತೊಂದರೆ ಎಂದು ಮರುಪ್ರಶ್ನೆ ಹಾಕಬೇಕು. ಕಫ ಹೆಚ್ಚಿರುವ ಹಳೆಯ ಬ್ರಾಂಕೈಟಿಸ್, ಮೂಗು ಮತ್ತು ಸೈನಸ್‌ಗಳ ಕಟ್ಟುವಿಕೆ ಒಂದು ಬಗೆ. ಶ್ವಾಸನಾಳದ ಸ್ನಾಯುಗಳು ಬಿಗಿಯುವ ಅಸ್ತಮಾ ಬೇರೆಯೇ ಬಗೆ. ನಿಮ್ಮ ತಾಯಿಯವರದು ಎರಡನೆಯದು.

ಜಲರಸಾಯನ:

ಡಾಕ್ಟರ್ ಸರ್ ಹೇಳಿದ್ದಕ್ಕೆ ನೀರಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಅಂತರ್ಜಲದ ವಿಶ್ಲೇಷಣೆ ನನ್ನ ವೃತ್ತಿ. ವೈದ್ಯಕೀಯದಲ್ಲಿ ನನಗೆ ಅಧಿಕಾರವಿಲ್ಲ.

ಮೊದಲು ಆ ಕ್ಯಾನಿನ ವಿಷಯ. ನೀರು ಕುದಿದು ಹಬೆಯಾದಾಗ ಅದರಲ್ಲಿ ಕರಗಿದ ಉಪ್ಪು, ಮೆಗ್ನೀಸಿಯಂ, ಕ್ಯಾಲ್ಸಿಯಂ ಯಾವುದೂ ಹಬೆಯೊಂದಿಗೆ ಮೇಲೇರುವುದಿಲ್ಲ. ಅವೆಲ್ಲ ಪಾತ್ರೆಯಲ್ಲಿಯೇ ಉಳಿಯುತ್ತವೆ. ಗಡುಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯನ್ನು ಯಾರು ನೋಡಿಲ್ಲ? ಬುಗ್ಗೆಯ ನೀರಿನ ಹಬೆಯೂ ನಲ್ಲಿಯ ನೀರಿನ ಹಬೆಯೂ ಖನಿಜದ ಲೆಕ್ಕದಲ್ಲಿ ಒಂದೇ. ಹಬೆಯೊಂದಿಗೆ ಹೋಗಬಲ್ಲವು ಅನಿಲಗಳು ಮಾತ್ರ: ಗಂಧಕದ ನೀರಿನ ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್, ಕೆಲವೆಡೆ ರೇಡಾನ್ ಎಂಬ ವಿಕಿರಣಶೀಲ ಅನಿಲ. ಆದರೆ ಕೊಳೆತ ಮೊಟ್ಟೆಯ ವಾಸನೆಯ ಆ ಹೈಡ್ರೋಜನ್ ಸಲ್ಫೈಡ್ ಕ್ಯಾನಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಒಂದಷ್ಟು ಗಾಳಿಗೆ ಹಾರಿಹೋಗುತ್ತದೆ, ಒಂದಷ್ಟು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಂಧಕದ ನುಣುಪಾದ ಕಣಗಳಾಗಿ ನೀರನ್ನು ಹಾಲುಬಣ್ಣಕ್ಕೆ ತಿರುಗಿಸುತ್ತದೆ. ಒಂದು ತಿಂಗಳ ಹಿಂದೆ ತುಂಬಿಸಿದ ಕ್ಯಾನಿನ ಮುಚ್ಚಳ ತೆರೆದಾಗ ವಾಸನೆಯೇ ಬರದಿದ್ದರೆ, ನೀವು ಹುಡುಕುತ್ತಿರುವುದು ಹೊರಟುಹೋಗಿದೆ ಎಂದೇ ಅರ್ಥ.

ಹಾಗಾದರೆ ಚಿಕಿತ್ಸಾ ಕೇಂದ್ರಗಳಲ್ಲಿ ಕೊಡುವುದೇನು? ಇಟಲಿ, ಫ್ರಾನ್ಸ್‌ನಂತಹ ದೇಶಗಳ ಕೇಂದ್ರಗಳಲ್ಲಿ ನೀರನ್ನು ಕುದಿಸುವುದಿಲ್ಲ. ಬುಗ್ಗೆಯಿಂದ ಬಂದ ನೀರನ್ನೇ ಒತ್ತಡದ ಗಾಳಿಯಿಂದಲೋ ಶ್ರವಣಾತೀತ ಕಂಪನದಿಂದಲೋ ಸೂಕ್ಷ್ಮ ಹನಿಗಳಾಗಿ ಒಡೆದು ಸೇದಿಸುತ್ತಾರೆ. ಹನಿಯಲ್ಲಿ ಉಪ್ಪೂ ಇರುತ್ತದೆ, ಅನಿಲವೂ ಇರುತ್ತದೆ. ಹನಿಯ ಗಾತ್ರವೂ ಮುಖ್ಯ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). 10 ಮೈಕ್ರಾನ್‌ಗಿಂತ ದೊಡ್ಡವು ಮೂಗು ಗಂಟಲುಗಳಲ್ಲಿಯೇ ಕುಳಿತುಬಿಡುತ್ತವೆ. ಸುಮಾರು 1ರಿಂದ 5 ಮೈಕ್ರಾನ್ ಗಾತ್ರದವು ಮಾತ್ರ ಶ್ವಾಸಕೋಶದ ಒಳಕವಲುಗಳನ್ನು ತಲುಪುತ್ತವೆ. ಮೂಗಿಗಾಗಿ ಮಾಡಿದ ಯಂತ್ರವನ್ನು ಎದೆಗೆ ಬಳಸಿದರೆ ಪ್ರಯೋಜನವಿಲ್ಲ.

ಗಂಧಕದ ನೀರಿನ ಬಗ್ಗೆ ಆಸಕ್ತಿ ಮೂಡಿರುವುದಕ್ಕೆ ನ್ಯಾಯವಾದ ಕಾರಣವಿದೆ. ವಿಷವೆಂದೇ ಹೆಸರಾಗಿದ್ದ ಹೈಡ್ರೋಜನ್ ಸಲ್ಫೈಡನ್ನು ನಮ್ಮ ದೇಹದ ಜೀವಕೋಶಗಳು ತಾವೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿ, ನೈಟ್ರಿಕ್ ಆಕ್ಸೈಡ್ ಅನಿಲದಂತೆಯೇ ಸಂದೇಶ ಸಾಗಿಸುವ ಸಂಕೇತವಾಗಿ ಬಳಸುತ್ತವೆ ಎಂಬುದು ಈಗ ತಿಳಿದಿದೆ. ಪ್ರಯೋಗಾಲಯದಲ್ಲಿ ಅದು ಉರಿಯೂತವನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಜಾಡನ್ನು ತಗ್ಗಿಸುವುದನ್ನೂ, ಕೋಶಗಳ ಉತ್ಕರ್ಷಣ ನಿರೋಧಕ ರಕ್ಷಣೆಯನ್ನು ಹೆಚ್ಚಿಸುವುದನ್ನೂ ಗಮನಿಸಿದ್ದಾರೆ. ಕಫದ ಲೋಳೆಯ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದಿರುವ ಗಂಧಕದ ಕೊಂಡಿಗಳನ್ನು ಅದು ಬಿಡಿಸಬಲ್ಲದು. ಕಫ ಕರಗಿಸಲು ಬಳಸುವ ಅಸಿಟೈಲ್‌ಸಿಸ್ಟೀನ್ ಔಷಧದ ಕೆಲಸವೂ ಇದೇ. ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಸುರಿದ ಪ್ರಮಾಣಕ್ಕೂ ಒಬ್ಬರು ಹತ್ತು ನಿಮಿಷ ಸೇದಿದಾಗ ಒಳಪೊರೆಗೆ ತಲುಪುವ ಪ್ರಮಾಣಕ್ಕೂ ಬಹಳ ಅಂತರವಿದೆ, ಮತ್ತು ಜಾಹೀರಾತುಗಳು ಆ ಅಂತರವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ.

'ನೈಸರ್ಗಿಕ' ಎಂಬ ಪದದ ಬಗ್ಗೆ ನನಗೆ ವೃತ್ತಿಯಿಂದ ಬಂದ ಅನುಮಾನವಿದೆ. ಅಸ್ತಮಾ ಚಿಕಿತ್ಸೆಗೆ ಹೆಸರಾದ ಫ್ರಾನ್ಸಿನ ಲಾ ಬೂರ್ಬೂಲ್ ಬುಗ್ಗೆಗಳ ನೀರು ಆರ್ಸೆನಿಕ್‌ಗೂ ಅಷ್ಟೇ ಹೆಸರಾಗಿದೆ. ರೇಡಾನ್ ಅನಿಲವನ್ನು ಕೆಲವೆಡೆ ಕೀಲುನೋವಿಗೆಂದು ಸೇದಿಸುತ್ತಾರೆ. ಅದೇ ರೇಡಾನ್ ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿನ ಪ್ರಮುಖ ಕಾರಣಗಳಲ್ಲಿ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದದ್ದು, ಗಾಳಿಯಾಡದ ಸ್ನಾನಕೋಣೆಯ ನೆಲಮಟ್ಟದಲ್ಲಿ ಅದು ಶೇಖರವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ 100 ಭಾಗದ ಹತ್ತಿರ ಬಂದರೆ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತೆಂದು ನೆಮ್ಮದಿಪಡುವ ಗಳಿಗೆಯೇ ಅಪಾಯದ ಗಳಿಗೆ. ಕಿಟಕಿ, ಗಾಳಿ ಹೊರಹಾಕುವ ಫ್ಯಾನು ಇಲ್ಲದ ಕೋಣೆಯಲ್ಲಿ ಗಂಧಕದ ನೀರಿನ ತೊಟ್ಟಿಗೆ ಯಾರೂ ಇಳಿಯಬಾರದು.

ಮುಂಜಾವು:

ಇಬ್ಬರಿಗೂ ಧನ್ಯವಾದಗಳು. ಹಬೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂಗತಿ ಕೇಳಬೇಕು. ಎರಡು ವರ್ಷಗಳ ಹಿಂದೆ ಅಮ್ಮ ಇಂತಹದೇ ಒಂದು ಬಿಸಿನೀರಿನ ಕೊಳದಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತಿದ್ದಾಗ, ಎದೆಯ ಮೇಲೆ ಯಾರೋ ಕೈಯಿಟ್ಟು ಒತ್ತಿದಂತಾಗಿ ಉಸಿರು ಚಿಕ್ಕದಾಯಿತು. ದೇಹದ ರೋಗ ಹೊರಬರುವಾಗ ಹಾಗಾಗುತ್ತದೆ, ಸಹಿಸಿಕೊಳ್ಳಿ ಎಂದು ಅಲ್ಲಿದ್ದವರು ಹೇಳಿದರಂತೆ. ಮೇಲೆ ಬಂದ ಐದು ನಿಮಿಷದಲ್ಲಿ ಸರಿಹೋಯಿತು. ಅದು ಅಸ್ತಮಾವೇ ಆಗಿತ್ತೇ? ಮಂಡಿಗಾಗಿ ಮಾತ್ರ ನೀರಿಗಿಳಿಯಬಹುದೇ?

ನೀರಲ್ಲಿ_ನಡಿಗೆ:

ನಾನು ಫಿಸಿಯೋಥೆರಪಿಸ್ಟ್, ನೀರಿನೊಳಗೆ ವ್ಯಾಯಾಮ ಮಾಡಿಸುವುದೇ ನನ್ನ ದಿನದ ಕೆಲಸದ ಅರ್ಧ ಭಾಗ. ಮೇಡಂ, ನಿಮ್ಮ ತಾಯಿಯವರಿಗೆ ಆದದ್ದು ರೋಗ ಹೊರಬಂದದ್ದಲ್ಲ, ನೀರಿನ ಒತ್ತಡ. ಕುತ್ತಿಗೆಯವರೆಗೆ ಮುಳುಗಿದಾಗ ಕಾಲು ಹೊಟ್ಟೆಗಳ ರಕ್ತನಾಳಗಳು ಒತ್ತಿಕೊಂಡು ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಹೊರಗಿನಿಂದ ನೀರು ಪಕ್ಕೆಲುಬುಗಳನ್ನೂ ಹೊಟ್ಟೆಯನ್ನೂ ಒತ್ತುತ್ತದೆ. ಇವೆರಡೂ ಸೇರಿ ಉಸಿರಾಟಕ್ಕೆ ಬೇಕಾದ ಶ್ರಮ ಶೇ. 60ರಷ್ಟು ಏರುತ್ತದೆ. ಆರೋಗ್ಯವಂತರಿಗೆ ಇದು ಗೊತ್ತಾಗುವುದೇ ಇಲ್ಲ. ಅಸ್ತಮಾ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಅಥವಾ ಹೃದಯದ ದುರ್ಬಲತೆ ಇರುವವರಿಗೆ ತಕ್ಷಣ ಗೊತ್ತಾಗುತ್ತದೆ. ಐದು ನಿಮಿಷದಲ್ಲಿ ಸರಿಹೋದದ್ದು ನೋಡಿದರೆ ಒತ್ತಡದ್ದೇ ಪಾತ್ರ ಹೆಚ್ಚೆನಿಸುತ್ತದೆ. ಆದರೂ ಹೃದಯದ ತಪಾಸಣೆ ಒಮ್ಮೆ ಆಗಲಿ. 'ಸಹಿಸಿಕೊಳ್ಳಿ' ಎಂಬ ಸಲಹೆಯನ್ನಂತೂ ಎಂದೂ ಪಾಲಿಸಬೇಡಿ.

ಮಂಡಿಗೆ ಬಂದರೆ ನನ್ನ ಉತ್ತರ ಹೆಚ್ಚು ಧೈರ್ಯದ್ದು. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವ ದೇಹದ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ, ಎದೆಯವರೆಗೆ ನಿಂತರೆ ಮೂರನೇ ಒಂದಕ್ಕೆ. ನೆಲದ ಮೇಲೆ ಹತ್ತು ಹೆಜ್ಜೆ ನಡೆಯಲು ಮುಖ ಹಿಂಡುವವರು ನೀರಿನಲ್ಲಿ ಮಂಡಿಯನ್ನು ಪೂರ್ತಿ ಮಡಿಸಿ ಹೆಜ್ಜೆಯಿಡುತ್ತಾರೆ. ಮೊದಲ ದಿನ ಹೆಚ್ಚಿನವರು ತಾವೇ ನಂಬದೆ ಕೆಳಗೆ ಬಗ್ಗಿ ತಮ್ಮ ಕಾಲನ್ನು ನೋಡಿಕೊಳ್ಳುತ್ತಾರೆ. ಬಿಸಿಯಿಂದ ಸ್ನಾಯುಗಳ ಬಿಗಿತವೂ ಸಡಿಲುತ್ತದೆ. ಫ್ರಾನ್ಸಿನ ಹಲವು ಬುಗ್ಗೆ ಕೇಂದ್ರಗಳಲ್ಲಿ ಮಂಡಿ ಸವೆತದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಒಂದು ಗುಂಪಿಗೆ ಮನೆಯ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ಅದರೊಂದಿಗೆ ಮೂರು ವಾರಗಳ ಬುಗ್ಗೆ ಚಿಕಿತ್ಸೆ ಕೊಟ್ಟರು. ಆರು ತಿಂಗಳ ನಂತರ ಬುಗ್ಗೆ ಗುಂಪಿನ ಸುಮಾರು ಅರ್ಧದಷ್ಟು ಜನರಿಗೆ ಗಮನಾರ್ಹ ಆರಾಮ ಸಿಕ್ಕಿತ್ತು. ವ್ಯಾಯಾಮ ಮಾತ್ರದ ಗುಂಪಿನಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ನಿಜ, ಪವಾಡವಲ್ಲ. ಯಾರು ನೀರಿಗಿಳಿದರು ಎಂಬುದನ್ನು ಅವರಿಂದಲೇ ಮರೆಮಾಚುವುದು ಸಾಧ್ಯವಿಲ್ಲವಾದ್ದರಿಂದ ನಂಬಿಕೆಯ ಪಾಲೆಷ್ಟು, ಖನಿಜದ ಪಾಲೆಷ್ಟು ಎಂದು ಆ ಪ್ರಯೋಗ ಬಿಡಿಸಿ ಹೇಳಲಾರದು. ನನ್ನ ಅಭಿಪ್ರಾಯದಲ್ಲಿ ತೇಲಿಕೆ, ಬಿಸಿ, ಚಲನೆ ಈ ಮೂರರದೇ ಸಿಂಹಪಾಲು. ಚರ್ಮ ಉಪ್ಪನ್ನು ಸುಲಭವಾಗಿ ಒಳಗೆ ಬಿಡುವ ಪೊರೆಯಲ್ಲ. ಗಂಟುಗಳು ಊದುವ ರುಮಟಾಯ್ಡ್ ಸಂಧಿವಾತಕ್ಕೆ ಈ ಸ್ನಾನದಿಂದ ಲಾಭವೆನ್ನಲು ಪುರಾವೆ ಸಾಲದು ಎಂಬುದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯ ನಿಲುವು. ಅಲ್ಲಿ ಮಾತ್ರೆಗಳನ್ನು ಬಿಡುವ ಪ್ರಶ್ನೆಯೇ ಬರದು.

ನಿಮ್ಮ ತಾಯಿ ಸೊಂಟದಿಂದ ಎದೆಯ ಕೆಳಭಾಗದವರೆಗೆ ಮಾತ್ರ ನೀರಿನಲ್ಲಿರಲಿ. ನೀರು 38 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಮೊದಲ ದಿನಗಳಲ್ಲಿ ಹತ್ತು ನಿಮಿಷ ಸಾಕು. ಮೇಲೇಳುವಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದು ಸಾಮಾನ್ಯ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಕೊಳದ ಅಂಚಿನಲ್ಲಿ ಎರಡು ನಿಮಿಷ ಕುಳಿತು ಆಮೇಲೆ ನಿಲ್ಲಬೇಕು. ಉಪಶಮನದ ಇನ್‌ಹೇಲರ್ ಬಟ್ಟೆ ಬದಲಿಸುವ ಕೋಣೆಯ ಚೀಲದಲ್ಲಿದ್ದರೆ ಉಪಯೋಗವಿಲ್ಲ, ಕೈಗೆಟುಕುವಂತೆ ಕೊಳದ ಅಂಚಿನಲ್ಲಿರಬೇಕು.

ಸೈನಸ್_ಸಂಗಾತಿ:

ಎರಡನೆಯ ಕ್ಯಾನಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಆ ನೀರಿನಿಂದ ದಯವಿಟ್ಟು ಮೂಗು ತೊಳೆಯಬೇಡಿ. ಹತ್ತು ವರ್ಷಗಳಿಂದ ಸೈನಸ್ ತೊಂದರೆ ಅನುಭವಿಸುತ್ತಿರುವ ನಾನು ಇದೇ ತಪ್ಪು ಮಾಡಿದ್ದೆ. ಬುಗ್ಗೆಯ ನೀರನ್ನು ಮನೆಗೆ ತಂದು, ಬೆಚ್ಚಗೆ ಮಾತ್ರ ಮಾಡಿ, ಎರಡು ವಾರ ಮೂಗು ತೊಳೆದೆ. ಮೂರನೆಯ ವಾರ ಕೆನ್ನೆಯ ಎಲುಬು ಸಿಡಿಯುವ ನೋವು, ಹಸಿರು ಸಿಂಬಳ, ಜ್ವರ. ಕಿವಿ-ಮೂಗು-ಗಂಟಲು ತಜ್ಞರು ಮೊದಲು ಕೇಳಿದ್ದು ಔಷಧದ ಹೆಸರನ್ನಲ್ಲ, ನೀರು ಎಲ್ಲಿಯದು ಎಂದು.

ಸೋಂಕು ತಗಲಿದರೂ ನಾನು ಅದೃಷ್ಟವಂತನೇ. ಬೆಚ್ಚಗಿನ ಸಿಹಿನೀರಿನಲ್ಲಿ 46 ಡಿಗ್ರಿಯವರೆಗೂ ಬದುಕಬಲ್ಲ ನೇಗ್ಲೀರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೇರಿದರೆ ಬದುಕುಳಿಯುವವರು ಬಲು ವಿರಳ. ಆ ನೀರನ್ನು ಕುಡಿದರೆ ಈ ಕಾಯಿಲೆ ಬರುವುದಿಲ್ಲ, ಮೂಗಿಗೆ ಹೋದರೆ ಮಾತ್ರ ಬರುತ್ತದೆ. ಇಂಗ್ಲೆಂಡಿನ ಬಾತ್ ನಗರದ ಪ್ರಾಚೀನ ಬಿಸಿನೀರ ಬುಗ್ಗೆಯ ನೀರಿನಲ್ಲಿ ಈಜಿದ ಬಾಲಕಿಯೊಬ್ಬಳು 1978ರಲ್ಲಿ ಹೀಗೆಯೇ ತೀರಿಕೊಂಡ ಮೇಲೆ ಅಲ್ಲಿ ಸ್ನಾನವನ್ನೇ ನಿಲ್ಲಿಸಿದರು. ಹೊಸದಾಗಿ ಕೊಳವೆ ಕೊರೆದು ನೀರು ತೆಗೆದು, 2006ರಲ್ಲಿ ಬೇರೆಯೇ ಕಟ್ಟಡದಲ್ಲಿ ಸ್ನಾನಗೃಹ ತೆರೆದರು.

ಮೂಗು ತೊಳೆಯುವುದು ಒಳ್ಳೆಯ ಅಭ್ಯಾಸ, ನನಗೆ ಈಗಲೂ ಅದರಿಂದಲೇ ನೆಮ್ಮದಿ. ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಶುದ್ಧ ಉಪ್ಪು ಹಾಕಿದರೆ ಸಾಕು. ಗಂಧಕ ಅಥವಾ ಅಯೋಡಿನ್ ಇರುವ ಬುಗ್ಗೆಯ ನೀರನ್ನು ಈ ಸಾದಾ ಸಲೈನಿನೊಂದಿಗೆ ಹೋಲಿಸಿದ ಅಧ್ಯಯನಗಳು ಇಟಲಿಯಲ್ಲಿ ನಡೆದಿವೆ. ಕೆಲವುಗಳಲ್ಲಿ ಬುಗ್ಗೆಯ ನೀರು ತುಸು ಮೇಲೆನಿಸಿದೆಯಾದರೂ ಅವೆಲ್ಲ ಸಣ್ಣ ಗುಂಪುಗಳ ಮೇಲಿನವು, ಮತ್ತು ಅಲ್ಲಿ ಬಳಸಿದ್ದು ತಿಂಗಳು ಹಳೆಯ ಕ್ಯಾನಿನ ನೀರಲ್ಲ.

ಕೇಂದ್ರಕ್ಕೆ ಹೋಗುವುದಾದರೆ ಸೇದಿಸುವ ಯಂತ್ರದ ಕೊಳವೆಯನ್ನು ಕಣ್ಣಾರೆ ನೋಡಿ. ಒಂದು ಕಡೆ ನನ್ನ ಕೈಗೆ ಕೊಟ್ಟ ಮಾಸ್ಕಿನ ಒಳಗೆ ಹಿಂದಿನವರ ಉಸಿರಿನ ತೇವ ಇನ್ನೂ ಇತ್ತು. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆದು ಸೂಕ್ಷ್ಮ ಹನಿಗಳ ಮೂಲಕ ಶ್ವಾಸಕೋಶ ಸೇರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ತೀವ್ರ ನ್ಯುಮೋನಿಯಾ ತರುತ್ತದೆ. ಜಪಾನಿನ ಬಿಸಿನೀರಿನ ಸ್ನಾನಗೃಹಗಳಲ್ಲಿ ಇಂತಹ ಪ್ರಕರಣಗಳು ವರದಿಯಾಗಿವೆ.

ನಿವೃತ್ತ_ಶ್ವಾಸವೈದ್ಯ:

ಮೇಲಿನವರ ಎಚ್ಚರಿಕೆ ಸರಿಯಾಗಿದೆ. ಇನ್ನೊಂದು ಮಾತು ಸೇರಿಸಬೇಕು. ಊರು ಬಿಟ್ಟು ಮೂರು ವಾರ ಬೇರೆಡೆ ಇದ್ದಾಗ ಧೂಳು, ಹೊಗೆ, ಮನೆಗೆಲಸ, ಚಿಂತೆ ಎಲ್ಲವೂ ಬದಲಾಗುತ್ತವೆ. ಇಸ್ರೇಲ್, ಜೋರ್ಡಾನ್ ನಡುವಿನ ಅತಿ ಉಪ್ಪಿನ ಸರೋವರವಾದ ಮೃತ ಸಮುದ್ರದ ತೀರದಲ್ಲಿ ಶ್ವಾಸಕೋಶದ ರೋಗಿಗಳಿಗೆ ಹಗುರವೆನಿಸುವುದರಲ್ಲಿ ನೀರಿನ ಪಾತ್ರಕ್ಕಿಂತ ಸ್ಥಳದ ಪಾತ್ರವೇ ಹೆಚ್ಚಿರಬಹುದು. ಅದು ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ಕೆಳಗಿದೆ, ಅಲ್ಲಿಯ ಗಾಳಿಯಲ್ಲಿ ಆಮ್ಲಜನಕದ ಒತ್ತಡವೇ ಅಧಿಕ. ದೊಡ್ಡಮ್ಮನವರಿಗೆ ಹಗುರವಾದದ್ದು ಸುಳ್ಳಲ್ಲ. ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ಪೂರ್ತಿ ನಿಜವಲ್ಲದಿರಬಹುದು.

ತಾಯಿಯವರು ಹೋಗಲೇಬೇಕೆಂದಿದ್ದರೆ, ಹೋಗುವ ಎರಡು ವಾರ ಮೊದಲಿನಿಂದ ಪ್ರತಿದಿನ ಬೆಳಿಗ್ಗೆ, ಸಂಜೆ ಉಸಿರನ್ನು ಎಷ್ಟು ರಭಸವಾಗಿ ಊದಬಲ್ಲರೆಂದು ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ಊದಿ ಅಂಕಿ ಬರೆದಿಡಲಿ. ಅಲ್ಲಿರುವಾಗಲೂ, ಬಂದ ಮೇಲೆ ಎರಡು ತಿಂಗಳೂ ಬರೆಯಲಿ. ಇನ್‌ಹೇಲರ್ ಹಾಗೆಯೇ ಮುಂದುವರಿಯಲಿ. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದರೆ ಪ್ರಮಾಣ ಇಳಿಸಬಹುದೋ ಇಲ್ಲವೋ ಎಂಬ ಚರ್ಚೆಗೆ ಒಂದು ಆಧಾರ ಸಿಗುತ್ತದೆ. ಅಂಕಿ ಅವರ ಎಂದಿನ ಉತ್ತಮ ಮಟ್ಟದ ಶೇ. 80ಕ್ಕಿಂತ ಕೆಳಗಿಳಿದರೆ ಅಂದಿನ ನೀರಿನ ಕಾರ್ಯಕ್ರಮ ರದ್ದು, ಶೇ. 50ಕ್ಕಿಂತ ಕೆಳಗಾದರೆ ನೇರವಾಗಿ ಆಸ್ಪತ್ರೆ.

ಮುಂಜಾವು:

ಎಲ್ಲರ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಮೂಗು ತೊಳೆಯಲು ತಂದ ಕ್ಯಾನನ್ನು ಅಮೀಬಾದ ಭಾಗ ಕೇಳಿದ ಕೂಡಲೇ ಅವರೇ ಗಿಡಗಳ ಬುಡಕ್ಕೆ ಚೆಲ್ಲಿಬಿಟ್ಟರು. ಮಂಡಿಗಾಗಿ ನೀರಿನ ವ್ಯಾಯಾಮಕ್ಕೆ ಸೇರುವುದು, ಇನ್‌ಹೇಲರ್ ಮುಂದುವರಿಸುವುದು, ಹೃದಯದ ತಪಾಸಣೆ ಮಾಡಿಸುವುದು ಎಂದು ತೀರ್ಮಾನವಾಗಿದೆ. ಪೀಕ್ ಫ್ಲೋ ಮೀಟರಿನಲ್ಲಿ ನಿನ್ನೆಯಿಂದ ಊದುತ್ತಿದ್ದಾರೆ.

ಹಬೆಯ ಮಾತನ್ನು ಮಾತ್ರ ಅವರು ಒಪ್ಪಲಿಲ್ಲ. ಅದಕ್ಕಾಗಿ ಇಂದು ಬೆಳಿಗ್ಗೆ ಇನ್ನೊಂದು ಕ್ಯಾನಿನ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಪೂರ್ತಿ ಇಂಗುವವರೆಗೂ ಕುದಿಸಿ ತೋರಿಸಿದೆ. ತಳದಲ್ಲಿ ಬೂದಿಬಣ್ಣದ ತೆಳು ಪೊರೆ ಉಳಿಯಿತು. ಪಾತ್ರೆ ಆರಿದ ಮೇಲೆ ಅಮ್ಮ ಅದನ್ನು ಉಗುರಿನಿಂದ ಕೆರೆದು, ಬೆರಳ ತುದಿಯಲ್ಲಿ ಉಜ್ಜಿ ನೋಡಿ, "ನಾನು ಸೇದಬೇಕಾಗಿದ್ದದ್ದು ಇಲ್ಲೇ ಕೂತಿದೆಯಲ್ಲೇ" ಎಂದರು. ದೊಡ್ಡಮ್ಮನಿಗೆ ಫೋನ್ ಮಾಡಿ ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.